ಮನೆಯೊಳಗಿನ ನೊಣ: ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ



ಈ ಮಾಲಿಕೆಯಲ್ಲಿ ಇಷ್ಟು ದಿನ ಬಿಪಿ, ಕೊಲೆಸ್ಟ್ರಾಲ್, ಸ್ಟೆಂಟ್ ಎಂದು ಬರೆಯುತ್ತಿದ್ದವನು ಇವತ್ತು ನೊಣದ ಬಗ್ಗೆ ಬರೆಯುತ್ತಿದ್ದೇನೆ. "ಡಾಕ್ಟ್ರೇ, ಪೇಷಂಟ್ ಇಲ್ಲದೆ ನೊಣ ಹೊಡೀತಾ ಕೂತಿದ್ದೀರಾ?" ಎಂದು ಗುಂಪಿನಲ್ಲಿ ಯಾರಾದರೂ ಕಾಲೆಳೆಯುವ ಮೊದಲೇ ಕಾರಣ ಹೇಳಿಬಿಡುತ್ತೇನೆ.

ಮಾವಿನ ಹಣ್ಣಿನ ಕೊನೆಯ ವಾರಗಳಿಂದ ಗಣೇಶನ ಹಬ್ಬದವರೆಗೆ ನಮ್ಮ ಹೃದಯ ವಿಭಾಗಕ್ಕೆ ಒಂದು ಬಗೆಯ ರೋಗಿಗಳು ಬರುತ್ತಾರೆ. ವಯಸ್ಸಾದವರು, ಬಿಪಿಗೋ ಹಾರ್ಟ್ ಫೇಲ್ಯೂರ್‌ಗೋ ಹಲವು ಮಾತ್ರೆ ತೆಗೆದುಕೊಳ್ಳುತ್ತಿರುವವರು. ತಲೆ ಸುತ್ತಿ ಬಿದ್ದರು, ಬಿಪಿ ಇಳಿದುಹೋಗಿದೆ, ಎದೆಬಡಿತ ತಪ್ಪಿದೆ ಎಂದು ಮನೆಯವರು ಗಾಬರಿಯಿಂದ ಕರೆತರುತ್ತಾರೆ. ನೋಡಿದರೆ ಹೃದಯ ಮೊದಲು ಹೇಗಿತ್ತೋ ಹಾಗೇ ಇದೆ. ಕೆಟ್ಟದ್ದು ಹೊಟ್ಟೆ. ಎರಡು ದಿನದಿಂದ ಭೇದಿ, ಮೈಯಲ್ಲಿ ನೀರಿಲ್ಲ, ಅದರ ಮೇಲೆ ನೀರಿನ ಮಾತ್ರೆ. ಅಡುಗೆಮನೆಯಲ್ಲಿ ತೆರೆದಿಟ್ಟ ಪಾತ್ರೆಯಿಂದ ಐಸಿಯುವರೆಗೆ ಇಷ್ಟು ಹತ್ತಿರದ ದಾರಿ ಇದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಭಾಗವನ್ನು ಕೊನೆಗೆ ವಿವರವಾಗಿ ಬರೆದಿದ್ದೇನೆ. ಮನೆಯಲ್ಲಿ ಹಿರಿಯರಿದ್ದರೆ ಅಲ್ಲಿಯವರೆಗೆ ಓದಿ.

*ನೊಣ ಅನ್ನದ ಮೇಲೆ ಕೂತಾಗ ಆಗುವುದೇನು?*

ನೊಣಕ್ಕೆ ಹಲ್ಲಿಲ್ಲ, ಅಗಿಯಲು ಬರುವುದಿಲ್ಲ. ಗಟ್ಟಿ ಪದಾರ್ಥ ಸಿಕ್ಕರೆ ಮೊದಲು ತನ್ನ ಹೊಟ್ಟೆಯಲ್ಲಿದ್ದದ್ದನ್ನೂ ಜೊಲ್ಲನ್ನೂ ಅದರ ಮೇಲೆ ಕಕ್ಕುತ್ತದೆ. ಅದು ಕರಗಿದ ಮೇಲೆ ಸೊಂಡಿಲಿನಂಥ ಬಾಯಿಯಿಂದ ಹೀರುತ್ತದೆ. ಹೀರುತ್ತಲೇ ಅಲ್ಲೇ ಮಲವನ್ನೂ ಬಿಡುತ್ತದೆ. ಗೋಡೆಯ ಮೇಲೆ, ಬಲ್ಬಿನ ವೈರಿನ ಮೇಲೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳೆಲ್ಲ ಅವೇ. ಈಗಷ್ಟೇ ಕಕ್ಕಿದ್ದು ಹತ್ತು ನಿಮಿಷದ ಹಿಂದೆ ಎಲ್ಲಿ ತಿಂದದ್ದು? ನೊಣಕ್ಕೆ ಲಡ್ಡುವೂ ಒಂದೇ, ನಾಯಿಯ ಹೇಸಿಗೆಯೂ ಒಂದೇ.

ಕಾಲುಗಳ ಕಥೆ ಬೇರೆ. ಕಾಲಿನ ತುದಿಯಲ್ಲಿ ಕೂದಲು ತುಂಬಿದ, ಸ್ವಲ್ಪ ಅಂಟು ಇರುವ ಮೆತ್ತೆಗಳಿವೆ. ಛಾವಣಿಗೆ ತಲೆಕೆಳಗಾಗಿ ಅಂಟಿಕೊಳ್ಳುವುದು ಇವುಗಳಿಂದಲೇ, ಕೊಳೆಯನ್ನು ಹೊತ್ತು ತರುವುದೂ ಇವುಗಳಿಂದಲೇ. ರುಚಿ ನೋಡುವುದೂ ಕಾಲಿನಿಂದ. ಆದ್ದರಿಂದ ತಿನ್ನುವ ಮೊದಲು ತಟ್ಟೆಯ ತುಂಬ ನಡೆದಾಡುತ್ತದೆ. ಅದು ಕೈ ಉಜ್ಜಿಕೊಳ್ಳುವಂತೆ ಕಾಣುತ್ತದಲ್ಲ, ಅದು ಕಾಲು ಸ್ವಚ್ಛ ಮಾಡಿಕೊಳ್ಳುವುದು. ತನ್ನ ಕಾಲು ಸ್ವಚ್ಛವಾಯಿತು, ಉದುರಿದ್ದು ನಮ್ಮ ಊಟದ ಮೇಲೆ!

ಟೈಫಾಯ್ಡ್, ಕಾಲರಾ, ಆಮಶಂಕೆ, ರಕ್ತಭೇದಿ, ಹೊಟ್ಟೆಹುಳದ ಮೊಟ್ಟೆ ಇವೆಲ್ಲ ನೊಣದ ಮೂಲಕ ಊಟಕ್ಕೆ ಬರಬಲ್ಲವು. ಇವುಗಳಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ನೊಣಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ 10ರಿಂದ 100 ರೋಗಾಣು ಹೊಟ್ಟೆಗೆ ಹೋದರೂ ಕಾಯಿಲೆ ಬರಬಹುದು. ಇದು ಬರಿಯ ಅಂದಾಜಲ್ಲ. ಇಸ್ರೇಲಿನ ಸೇನಾ ಶಿಬಿರಗಳಲ್ಲಿ ಆಮಿಷದ ಬಲೆಗಳನ್ನಿಟ್ಟು ನೊಣ ಹಿಡಿದು ನೋಡಿದರು. ಬಲೆ ಇಟ್ಟ ಶಿಬಿರಗಳಲ್ಲಿ ಮೊದಲ ವರ್ಷ ಶಿಗೆಲ್ಲಾ ಭೇದಿ ಶೇಕಡಾ 85ರಷ್ಟು ಇಳಿಯಿತು. 1991ರಲ್ಲಿ ಇದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಪಾಕಿಸ್ತಾನದ ಹಳ್ಳಿಗಳ ಅಧ್ಯಯನ ಬಂತು. ನೊಣ ಹತೋಟಿಗೆ ತಂದ ಹಳ್ಳಿಗಳಲ್ಲಿ 5 ವರ್ಷದೊಳಗಿನ ಮಕ್ಕಳ ಭೇದಿ ಶೇಕಡಾ 23ರಷ್ಟು ಕಡಿಮೆ. ಶುದ್ಧ ನೀರು ಮತ್ತು ಕೈ ತೊಳೆಯುವುದು ಈಗಲೂ ಮೊದಲ ಸ್ಥಾನದಲ್ಲೇ ಇವೆ. ಆದರೆ ನೊಣವನ್ನು "ಅಯ್ಯೋ ಬಿಡಿ, ಮಳೆಗಾಲ ಅಲ್ವಾ" ಎಂದು ಬಿಡುವ ಹಾಗಿಲ್ಲ.

ಹಾಗಾದರೆ ಒಂದು ನೊಣ ಕೂತರೆ ಅನ್ನ ಚೆಲ್ಲಬೇಕೇ? ಎಲ್ಲರೂ ಕೇಳುವ ಪ್ರಶ್ನೆ. ಬಿಸಿ ಬಿಸಿ ಅನ್ನದ ಮೇಲೆ ಕ್ಷಣಮಾತ್ರ ಕೂತು ಎದ್ದರೆ, ನೀವು ಆಗಲೇ ಉಣ್ಣುವುದಿದ್ದರೆ, ಆರೋಗ್ಯವಂತ ದೊಡ್ಡವರು ಚೆಲ್ಲಬೇಕಿಲ್ಲ. ಭಯ ಇರುವುದು ಕಾಲದ್ದು. ನೊಣ ಬಿಟ್ಟುಹೋದ ನಾಲ್ಕು ಬ್ಯಾಕ್ಟೀರಿಯಾ ಬೆಚ್ಚನೆಯ ಹಾಲು, ಪಾಯಸ, ಸೀಕರಣೆ, ಹೆಚ್ಚಿಟ್ಟ ಹಣ್ಣಿನಲ್ಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಲೆಕ್ಕ ಹಾಕಿ ನೋಡಿ: ಒಂದು ಬ್ಯಾಕ್ಟೀರಿಯಾ ನಾಲ್ಕು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಹಾಗಾಗಿ ನೊಣ ಮುತ್ತಿ ಎರಡು ಗಂಟೆ ಹೊರಗಿದ್ದ ಮೆತ್ತನೆಯ ಪದಾರ್ಥವನ್ನು ಮಗುವಿಗೆ, ಬಸುರಿಗೆ, ಹಿರಿಯರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಕೊಡಬೇಡಿ. ಬಿಸಿ ಮಾಡಿದರೆ ಸರಿಹೋಗುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಬ್ಯಾಕ್ಟೀರಿಯಾ ಸಾಯಬಹುದು, ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ.

*ಒಂದು ವಾರದ ಲೆಕ್ಕ*

ನೊಣವನ್ನು ಹೊರಗಿಡುವ ಎಲ್ಲ ಉಪಾಯಗಳ ಮೂಲ ಅದರ ಸಂಸಾರದ ಲೆಕ್ಕದಲ್ಲಿದೆ. ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸಿನ ಮೊಟ್ಟೆ ಇಡುತ್ತದೆ, ಜೀವಮಾನದಲ್ಲಿ ಸುಮಾರು 500. ಒದ್ದೆ ಕಸ, ಸಗಣಿ, ಗೊಬ್ಬರ, ಕೊಳೆತ ಹಣ್ಣು ಯಾವುದಾದರೂ ನಡೆಯುತ್ತದೆ, ಆದರೆ ಒದ್ದೆಯಾಗಿರಬೇಕು. ಒಂದು ದಿನದೊಳಗೆ ಮೊಟ್ಟೆ ಒಡೆದು ಬಿಳಿ ಹುಳು ಬರುತ್ತದೆ. ಕೆಲವು ದಿನ ತಿಂದು ಕೊಬ್ಬಿ, ಒಣಗಿದ ಜಾಗಕ್ಕೆ ತೆವಳಿ, ಕಂದು ಕೋಶವಾಗಿ, ಅದರಿಂದ ನೊಣವಾಗಿ ಹೊರಬರುತ್ತದೆ. ನಮ್ಮ ಸೆಕೆಗೆ ಈ ಪೂರ್ತಿ ಕೆಲಸ 7ರಿಂದ 10 ದಿನದಲ್ಲಿ ಮುಗಿಯುತ್ತದೆ.

ಅಂದರೆ ಇವತ್ತು ಬ್ಯಾಟಿನಿಂದ ಹತ್ತು ನೊಣ ಹೊಡೆದರೆ ಮುಂದಿನ ವಾರ ಅದೇ ಕಸದ ಡಬ್ಬಿಯಿಂದ ನೂರು ಬರುತ್ತವೆ. ಒದ್ದೆ ಕಸ ಮನೆಯಲ್ಲಿ, ಬಿಲ್ಡಿಂಗಿನಲ್ಲಿ ಒಂದು ವಾರ ನಿಲ್ಲದಿದ್ದರೆ ಮಾತ್ರ ಆ ಸಂಸಾರ ಬೆಳೆಯುವುದಿಲ್ಲ. ಸ್ಪ್ರೇ ಹಾರುವ ನೊಣವನ್ನಷ್ಟೇ ಕೊಲ್ಲುತ್ತದೆ. ಕಸದೊಳಗಿನ ಹುಳುವಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

*ಮೊದಲು ಯಾವ ನೊಣ ಎಂದು ಗುರುತಿಸಿ*

ಎಲ್ಲದಕ್ಕೂ ನಾವು ನೊಣ ಎನ್ನುತ್ತೇವೆ. ಆದರೆ ಮನೆಗೆ ಬರುವವು ಒಂದೇ ಜಾತಿಯವಲ್ಲ, ಮದ್ದೂ ಒಂದೇ ಅಲ್ಲ.

ಬೂದು ಬಣ್ಣದ, ಬೆನ್ನ ಮೇಲೆ ನಾಲ್ಕು ಗೆರೆ ಇರುವುದು ಸಾಮಾನ್ಯ ಮನೆನೊಣ. ಇದು ಹೊರಗೆ ಹುಟ್ಟಿ ಒಳಗೆ ಬರುತ್ತದೆ. ಒಂದೆರಡು ಕಿಲೋಮೀಟರ್ ಹಾರುವುದು ಅದಕ್ಕೆ ಕಷ್ಟವಲ್ಲ. ದೇವನಾರ್, ಗಾಜಿಪುರ, ಪೆರುಂಗುಡಿ, ಜವಾಹರನಗರದಂಥ ಕಸದ ರಾಶಿಗಳ ಸುತ್ತ ಅಥವಾ ಕೋಳಿ ಫಾರಂಗಳ ಪಕ್ಕ ಇರುವವರಿಗೆ ಇದನ್ನು ಹೇಳಬೇಕಿಲ್ಲ. ಅಂಥ ಕಡೆ ಮನೆ ಎಷ್ಟು ಸ್ವಚ್ಛವಿದ್ದರೂ ಸಾಲದು, ಕಿಟಕಿಗೆ ಜಾಲರಿಯೇ ಗತಿ.

ಹೊಳೆಯುವ ಹಸಿರು ಅಥವಾ ನೀಲಿ ಬಣ್ಣದ ದಪ್ಪ ನೊಣ ದೊಡ್ಡ ಸದ್ದು ಮಾಡುತ್ತ ಬರುತ್ತದೆ. ಇದಕ್ಕೆ ಮಾಂಸ, ಮೀನು, ಸತ್ತ ಪ್ರಾಣಿ ಬೇಕು. ಒಂದೇ ಸಲ ನಾಲ್ಕಾರು ಕಂಡರೆ ಎಲ್ಲೋ ಇಲಿಯೋ ಪಾರಿವಾಳವೋ ಸತ್ತುಬಿದ್ದಿದೆ ಎಂದುಕೊಳ್ಳಿ. ಏಸಿ ಡಬ್ಬದ ಹಿಂದೆ, ಡಕ್ಟಿನಲ್ಲಿ ಹುಡುಕಿಸಿ.

ಬಾಳೆಹಣ್ಣಿನ ಸುತ್ತ ಸುಳಿದಾಡುವ ಎಳ್ಳಿನ ಗಾತ್ರದ್ದು ಹಣ್ಣಿನ ನೊಣ. ಇದರ ಮೊಟ್ಟೆ ಎಷ್ಟೋ ಸಲ ಮಾರುಕಟ್ಟೆಯಿಂದ ಹಣ್ಣಿನ ಸಿಪ್ಪೆಯ ಮೇಲೆಯೇ ಮನೆಗೆ ಬಂದಿರುತ್ತದೆ. ತಂದ ತಕ್ಷಣ ಹಣ್ಣು, ಟೊಮೆಟೊ ತೊಳೆದು ಒರೆಸಿಡಿ. ಒಡೆದದ್ದನ್ನು ಫ್ರಿಜ್ಜಿಗೆ ಸೇರಿಸಿ. ಈರುಳ್ಳಿ, ಆಲೂಗಡ್ಡೆ ಬುಟ್ಟಿಯ ತಳದಲ್ಲಿ ಕೊಳೆತದ್ದು ಒಂದೇ ಒಂದು ಇದ್ದರೂ ಸಾಕು, ಊರಿಗೆಲ್ಲ ಊಟ.

ಬಾತ್‌ರೂಮಿನ ಗೋಡೆಯ ಮೇಲೆ ಚಿಟ್ಟೆಯಂತೆ ರೆಕ್ಕೆ ಹರಡಿ ಕೂರುವ, ಮುಟ್ಟಿದರೆ ಪುಡಿಯಾಗುವ ಬೂದು ಹುಳ ಬಚ್ಚಲ ನೊಣ. ಇದು ಮೋರಿಯ ಪೈಪಿನೊಳಗಿನ ಲೋಳೆಯಲ್ಲಿ ಹುಟ್ಟುತ್ತದೆ. ಅನುಮಾನವಿದ್ದರೆ ರಾತ್ರಿ ಮಲಗುವ ಮೊದಲು ಮೋರಿಯ ಬಾಯಿಗೆ ಪಾರದರ್ಶಕ ಟೇಪನ್ನು ಅಂಟು ಕೆಳಮುಖವಾಗಿ, ಗಾಳಿಗೆ ಸ್ವಲ್ಪ ಜಾಗ ಬಿಟ್ಟು ಅಂಟಿಸಿ. ಬೆಳಿಗ್ಗೆ ಟೇಪಿಗೆ ಹುಳ ಅಂಟಿದ್ದರೆ ಮೂಲ ಸಿಕ್ಕಿತು. ಇದಕ್ಕೆ ಉದ್ದ ಹಿಡಿಯ ಬ್ರಷ್ ಹಾಕಿ ಪೈಪಿನ ಒಳಗೋಡೆ ಉಜ್ಜಬೇಕು. ಅಡಿಗೆ ಸೋಡಾ ಮತ್ತು ವಿನೆಗರ್ ಸುರಿದರೆ ಬುಸುಬುಸು ನೊರೆ ಬರುತ್ತದೆ, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಕೆಲಸ ಮಾಡುವುದು ನಿಮ್ಮ ಬ್ರಷ್ಷೇ. ಉಜ್ಜಿದ ಮೇಲೆ ಬಿಸಿನೀರು ಸುರಿಯಿರಿ, ಕುದಿಯುವುದು ಬೇಡ, ಪ್ಲಾಸ್ಟಿಕ್ ಪೈಪ್ ಸೊಟ್ಟಗಾಗುತ್ತದೆ. ಒಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಹಾಕಿದ ಮೋರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ವಿನೆಗರ್ ಆಗಲಿ ಸುರಿಯಬೇಡಿ. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ.

*ಫ್ಲ್ಯಾಟಿನಲ್ಲಿ ನೊಣಕ್ಕೆ ಊಟ ಎಲ್ಲಿ ಸಿಗುತ್ತದೆ?*

ಊರಿನ ಮನೆಯಲ್ಲಿ ಕೊಟ್ಟಿಗೆ, ತಿಪ್ಪೆ ಇರುತ್ತಿತ್ತು, ನೊಣ ಬಂದರೆ ಆಶ್ಚರ್ಯವಿರಲಿಲ್ಲ. ಏಳನೇ ಮಹಡಿಯ ಫ್ಲ್ಯಾಟಿಗೆ ಯಾಕೆ ಬರುತ್ತದೆ ಎಂದು ಹುಡುಕಿದರೆ ಸಾಮಾನ್ಯವಾಗಿ ಸಿಗುವ ಜಾಗಗಳು ಇವು: ತೊಳೆಯದೆ ಕೂಡಿಟ್ಟ ಹಾಲಿನ ಪ್ಯಾಕೆಟ್, ಸಿಂಕಿನ ಜಾಲಿಯಲ್ಲಿ ಉಳಿದ ಅನ್ನದಗುಳು, ಮಾವಿನ ಓಟೆ, ಮೂಲೆಯಲ್ಲಿ ಒದ್ದೆಯಾಗೇ ನಿಲ್ಲಿಸಿದ ಮಾಪ್, ಮಗುವಿನ ಡೈಪರ್ ತುಂಬಿದ ಬಕೆಟ್, ನಾಯಿ ಬೆಕ್ಕಿನ ಊಟದ ತಟ್ಟೆ, ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ. ಗಿಡಗಳಿಗೆ ಹಿಂಡಿ ನೆನೆಸಿ ಹಾಕುವವರು ಅದನ್ನು ಮುಚ್ಚಿ ನೆನೆಸಿ, ಮಣ್ಣಿನೊಳಗೆ ಕಲಸಿಬಿಡಿ.

ಇವುಗಳಲ್ಲಿ ಡೈಪರ್ ವಿಷಯ ಒಂದು ಹೆಜ್ಜೆ ಮುಂದೆ ಹೇಳಬೇಕು. ಮಗುವಿನ ಮಲ ವಾಸನೆ ಇಲ್ಲದ್ದು, ನಿರಪಾಯದ್ದು ಎಂಬ ನಂಬಿಕೆ ನಮ್ಮಲ್ಲಿದೆ. ರೋಗಾಣುವಿನ ಲೆಕ್ಕದಲ್ಲಿ ಅದು ದೊಡ್ಡವರ ಮಲಕ್ಕಿಂತ ಕಡಿಮೆಯೇನಲ್ಲ. ಮಲವನ್ನು ಟಾಯ್ಲೆಟ್ಟಿಗೆ ಹಾಕಿ, ಡೈಪರನ್ನು ಬಿಗಿಯಾಗಿ ಸುತ್ತಿ, ಮುಚ್ಚಳದ ಡಬ್ಬಿಗೆ ಹಾಕಿ, ಅದೇ ದಿನ ಹೊರಗೆ ಕಳಿಸಿ.

ಕಸ ಬೇರ್ಪಡಿಸುವುದು ಘನತ್ಯಾಜ್ಯ ನಿಯಮದ ಪ್ರಕಾರ ಹೇಗೂ ಕಡ್ಡಾಯ. ಮುಂಬೈ ಪುಣೆಯವರಿಗೆ ಓಲಾ ಕಚರಾ, ಸುಕಾ ಕಚರಾ ಬಾಯಿಪಾಠ. ನೊಣದ ದೃಷ್ಟಿಯಿಂದ ಮುಖ್ಯವಾದದ್ದು ಹಸಿ ಕಸದಲ್ಲಿ ನೀರು ಇರದಂತೆ ನೋಡುವುದು. ಚಹಾದ ಚರಟ, ತರಕಾರಿ ಸಿಪ್ಪೆಯನ್ನು ಜಾಲಿಯಲ್ಲಿ ಬಸಿದು, ಹಳೆಯ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಪೇಪರ್ ತೇವ ಹೀರುತ್ತದೆ, ವಾಸನೆ ಹೊರಬರಲು ಬಿಡುವುದಿಲ್ಲ, ಡಬ್ಬಿಯ ತಳಕ್ಕೆ ರಸ ಇಳಿಯುವುದಿಲ್ಲ. ಡಬ್ಬಿಗೆ ಮುಚ್ಚಳ ಇರಲಿ. ವಾರಕ್ಕೆರಡು ಸಲ ತೊಳೆದು ಬಿಸಿಲಿಗೆ ಬೋರಲು ಹಾಕಿ. ರಾತ್ರಿಯೇ ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಬೆಳಿಗ್ಗೆ ಕಸದವರು ಬರುವವರೆಗೆ ಬಿಡುವ ಪದ್ಧತಿ ಎಷ್ಟೋ ಬಿಲ್ಡಿಂಗಿನಲ್ಲಿದೆ. ಮುಚ್ಚಳವಿಲ್ಲದಿದ್ದರೆ ಆ ಮಹಡಿಯ ನೊಣಕ್ಕೆಲ್ಲ ನೀವೇ ಅನ್ನದಾತರು.

ಬಾಲ್ಕನಿಯಲ್ಲಿ ಗೊಬ್ಬರ ಮಾಡುವವರು ಬಿಡಬೇಕಿಲ್ಲ. ಪ್ರತಿ ಸಲ ಸಿಪ್ಪೆ ಹಾಕಿದ ಮೇಲೆ ಅದು ಕಾಣದಷ್ಟು ಒಣ ತರಗೆಲೆಯನ್ನೋ ಕೋಕೋಪೀಟನ್ನೋ ಹರಡಿ. ಹುಳು ಬಿದ್ದರೆ ಒದ್ದೆ ಜಾಸ್ತಿಯಾಗಿದೆ ಎಂದರ್ಥ.

*ಒಳಗೆ ಬಾರದಂತೆ*

ಅತಿ ಒಳ್ಳೆಯ ನೈಸರ್ಗಿಕ ಉಪಾಯ ಯಾವುದು ಎಂದರೆ ಜಾಲರಿ. ಕೇಳಲು ಸಪ್ಪೆ, ಫಾರ್ವರ್ಡ್ ಮಾಡಲು ಏನೂ ಮಜಾ ಇಲ್ಲ. ಆದರೆ ಅದಕ್ಕೆ ಸಮ ಇನ್ನೊಂದಿಲ್ಲ. ಸೊಳ್ಳೆ ಜಾಲರಿ ಮನೆನೊಣಕ್ಕೆ ಧಾರಾಳ ಸಾಕು. ಹಣ್ಣಿನ ನೊಣ ಮಾತ್ರ ಕೆಲವೊಮ್ಮೆ ನುಸುಳುತ್ತದೆ. ಬಾಡಿಗೆ ಮನೆಯಲ್ಲಿದ್ದರೆ ಅಂಟುಪಟ್ಟಿಯಿಂದ ಹಚ್ಚಿ ತೆಗೆಯಬಹುದಾದ ಜಾಲರಿ ಸಿಗುತ್ತದೆ. ಅಡುಗೆಮನೆಯ ಕಿಟಕಿ ಮೊದಲು, ಮಿಕ್ಕದ್ದು ಆಮೇಲೆ. ಎಕ್ಸಾಸ್ಟ್ ಫ್ಯಾನಿನ ಕಿಂಡಿಯನ್ನು ಎಲ್ಲರೂ ಮರೆಯುತ್ತಾರೆ.

ಎರಡನೆಯದು ಫ್ಯಾನ್. ನೊಣಕ್ಕೆ ರಭಸದ ಗಾಳಿಯಲ್ಲಿ ಇಳಿದು ಕೂರುವುದು ಕಷ್ಟ, ವಾಸನೆಯ ಜಾಡೂ ಚೆದುರಿಹೋಗುತ್ತದೆ. ಊಟದ ಮೇಜಿನ ಕಡೆ ಮುಖ ಮಾಡಿ ಒಂದು ಟೇಬಲ್ ಫ್ಯಾನ್ ಇಟ್ಟರೆ ಯಾವ ಎಣ್ಣೆಯೂ ಮಾಡದ ಕೆಲಸ ಮಾಡುತ್ತದೆ. ಸಂಘದ ಕಾರ್ಯಕ್ರಮಗಳಲ್ಲಿ, ಗಣೇಶೋತ್ಸವದ ಪ್ರಸಾದದ ಮೇಜಿನ ಪಕ್ಕದಲ್ಲಿ ಪೆಡೆಸ್ಟಲ್ ಫ್ಯಾನ್ ಇಡುವುದನ್ನು ನಾನು ಎಲ್ಲ ಆಯೋಜಕರಿಗೂ ಹೇಳುತ್ತೇನೆ.

ಮೂರನೆಯದು ನಮ್ಮ ಅಜ್ಜಿಯರದ್ದೇ: ಪಾತ್ರೆಗೆ ಮುಚ್ಚಳ, ಹಣ್ಣಿನ ತಟ್ಟೆಗೆ ಜಾಲರಿಯ ಬುಟ್ಟಿ. ನೈವೇದ್ಯಕ್ಕೆ ಇಟ್ಟ ಪದಾರ್ಥವನ್ನೂ ಬಾಳೆಲೆಯಿಂದ ಮುಚ್ಚಬಹುದು, ದೇವರು ಬೇಸರಿಸುವುದಿಲ್ಲ.

*ಮನೆಮದ್ದುಗಳಲ್ಲಿ ಎಷ್ಟು ನಿಜ?*

ಕರ್ಪೂರ, ತುಳಸಿ, ಪುದೀನ, ಲವಂಗ ಚುಚ್ಚಿದ ನಿಂಬೆ, ನೀಲಗಿರಿ ಎಣ್ಣೆ, ಉಪ್ಪು ಅರಿಸಿನ ಹಾಕಿದ ನೆಲ ಒರೆಸುವ ನೀರು. ಇವುಗಳ ಪಟ್ಟಿ ನಿಮ್ಮ ಮೊಬೈಲಿಗೆ ಹತ್ತು ಸಲ ಬಂದಿರಬೇಕು. ಒಂದಿಷ್ಟು ನಿಜ ಇದೆ. ನೀಲಗಿರಿ, ಪುದೀನ, ಮಜ್ಜಿಗೆ ಹುಲ್ಲಿನ (ಮಹಾರಾಷ್ಟ್ರದಲ್ಲಿ ಗವತಿ ಚಹಾ ಅನ್ನುತ್ತಾರಲ್ಲ, ಅದೇ) ಎಣ್ಣೆಗಳು ನೊಣವನ್ನು ದೂರವಿಡುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ತೊಂದರೆ ಏನೆಂದರೆ ಇವು ಬೇಗ ಆವಿಯಾಗುತ್ತವೆ. ಹತ್ತಿಗೆ ನಾಲ್ಕು ಹನಿ ಹಾಕಿ ಊಟದ ಹೊತ್ತಿಗೆ ಕಿಟಕಿಯ ಬಳಿ ಇಟ್ಟರೆ ಆ ಹೊತ್ತಿಗಷ್ಟೇ ಪ್ರಯೋಜನ. ಕುಂಡದಲ್ಲಿ ಸುಮ್ಮನೆ ನಿಂತ ತುಳಸಿ ಗಿಡ ಅಷ್ಟು ಎಣ್ಣೆಯನ್ನು ಗಾಳಿಗೆ ಬಿಡುವುದಿಲ್ಲ. ಲವಂಗ ಚುಚ್ಚಿದ ನಿಂಬೆ ನೋಡಲು ಚಂದ, ಅಷ್ಟೇ. ಉಪ್ಪು ಅರಿಸಿನದ ನೀರಿನಿಂದ ನೆಲ ಒರೆಸಿದಾಗ ನೊಣ ಕಡಿಮೆಯಾಗುವುದು ಚೆಲ್ಲಿದ ಸಿಹಿ, ಜಿಡ್ಡು ಹೋದದ್ದಕ್ಕೆ. ಬರೀ ನೀರಿಗೂ ಆ ಶಕ್ತಿ ಇದೆ. ಹೋಟೆಲಿನ ಬಾಗಿಲಲ್ಲಿ ನಾಣ್ಯ ಹಾಕಿ ತೂಗುಬಿಡುವ ನೀರಿನ ಚೀಲದಿಂದ ನೊಣ ಓಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಹೊಗೆಯ ವಿಷಯದಲ್ಲಿ ಹೃದಯದ ಡಾಕ್ಟರಾಗಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬೇವಿನ ಹೊಗೆ, ಸಾಂಬ್ರಾಣಿ, ಕರ್ಪೂರ ಉರಿಸಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ತುಂಬಿಸುವುದು ಬೇಡ. ನೊಣ ಓಡಬಹುದು, ಆದರೆ ಅದರ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಆ ಗಾತ್ರದ ಕಣಗಳಿಗೂ ಹೃದಯಾಘಾತಕ್ಕೂ ಇರುವ ನಂಟು ಚೆನ್ನಾಗಿ ಗೊತ್ತಿರುವ ಸಂಗತಿ. ದೆಹಲಿಯ ಚಳಿಗಾಲದಲ್ಲಿ ಉಸಿರಾಡಿದವರಿಗೆ ಇನ್ನೂ ಹೆಚ್ಚು ಹೇಳಬೇಕೇ? ದೇವರ ಮುಂದೆ ಒಂದು ಊದಿನಕಡ್ಡಿ ಬೇರೆ, ನೊಣ ಓಡಿಸಲು ದಿನಕ್ಕೆ ಮೂರು ಸಲ ಹೊಗೆ ಬೇರೆ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಅಲ್ಲ. ಒಂದೆರಡು ಕರ್ಪೂರದ ಬಿಲ್ಲೆ ನುಂಗಿದರೂ ಸಣ್ಣ ಮಗುವಿಗೆ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೂ ಅಪಾಯವೇ. ನುಸಿಗುಳಿಗೆಯನ್ನು ಮಕ್ಕಳು ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕುತ್ತಾರೆ, ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಅಡುಗೆಮನೆಯ ಮೂಲೆಗಳಲ್ಲಿ ತಟ್ಟೆಯಲ್ಲಿ ಕರ್ಪೂರ ಇಡಿ ಎನ್ನುವ ಸಲಹೆ, ಅಂಬೆಗಾಲಿಡುವ ಮಗು ಇರುವ ಮನೆಗೆ ಬೇಡವೇ ಬೇಡ. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ. ಪ್ಯಾಕೆಟ್ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ.

ಅಂಗಡಿಯಲ್ಲಿ ಬಿಡಿಯಾಗಿ, ಲೇಬಲ್ ಇಲ್ಲದ ಬಾಟಲಿಯಲ್ಲಿ ಸಿಗುವ ನೊಣದ ಔಷಧ ಎಷ್ಟೋ ಸಲ ಹೊಲಕ್ಕೆ ಹೊಡೆಯುವ ಕೀಟನಾಶಕವೇ ಆಗಿರುತ್ತದೆ. ಮನೆಯೊಳಗೆ ತರಬೇಡಿ.

*ಬಲೆ ಇಡುವುದಾದರೆ*

ಹಣ್ಣಿನ ನೊಣಕ್ಕೆ: ಲೋಟದಲ್ಲಿ ಎರಡು ಚಮಚ ವಿನೆಗರ್, ಚೂರು ಬೆಲ್ಲ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಹುಳಿ ವಾಸನೆಗೆ ಬರುತ್ತವೆ. ಸೋಪಿನಿಂದ ನೀರಿನ ಮೇಲ್ಮೈ ಬಿಗಿತ ಹೋಗಿರುವುದರಿಂದ ಮೇಲೆ ನಿಲ್ಲಲಾಗದೆ ಮುಳುಗುತ್ತವೆ. ಸೋಪು ಹಾಕದಿದ್ದರೆ ಕುಡಿದು ಹೋಗುತ್ತವೆ.

ಮನೆನೊಣಕ್ಕೆ ವಿನೆಗರ್ ಅಷ್ಟಾಗಿ ಹಿಡಿಸುವುದಿಲ್ಲ. ಒಂದು ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಕೊಳವೆಯಂತೆ ತಲೆಕೆಳಗು ಮಾಡಿ ಅದರೊಳಗೇ ಕೂರಿಸಿ. ಒಳಗೆ ಬೆಲ್ಲದ ನೀರು, ಕಳಿತ ಬಾಳೆಹಣ್ಣು, ಮಾಂಸಾಹಾರಿಗಳಾದರೆ ಮೀನಿನ ತುಂಡು. ಇದನ್ನು ಮನೆಯೊಳಗೆ ಮಾತ್ರ ಇಡಬೇಡಿ. ಬಾಗಿಲಿನಿಂದ 20 ಅಡಿಯಾದರೂ ದೂರ, ಕಸದ ಜಾಗದ ಹತ್ತಿರ ಇಡಿ. ಅಡುಗೆಮನೆಯಲ್ಲಿಟ್ಟರೆ ಅಕ್ಕಪಕ್ಕದ ನೊಣಗಳಿಗೂ ಆಹ್ವಾನ ಪತ್ರಿಕೆ ಕೊಟ್ಟ ಹಾಗೆ. ಅಂಟಿನ ಪಟ್ಟಿ ಒಳಗೆ ತೂಗುಹಾಕಬಹುದು. ನೊಣ ರಾತ್ರಿ ಛಾವಣಿ, ವೈರು, ದಾರಗಳ ಮೇಲೆ ಮಲಗುತ್ತದೆ, ಪಟ್ಟಿಯನ್ನು ಅದೇ ಎತ್ತರದಲ್ಲಿ ಕಟ್ಟಿ.

ಕರೆಂಟಿನ ಬ್ಯಾಟು ಊಟದ ಮೇಜಿನ ಮೇಲೆ ಬೇಡ. ಚಟ್ ಎಂದು ಸಿಡಿದಾಗ ನೊಣದ ಚೂರುಗಳು, ಅದರ ಮೈಯ ಬ್ಯಾಕ್ಟೀರಿಯಾ ಸಮೇತ, ಸುತ್ತ ಹಾರುತ್ತವೆ. ಹೈದರಾಬಾದಿನವರು 2012ರ 'ಈಗ' ಸಿನಿಮಾ ನೋಡಿರುತ್ತೀರಿ. ಒಂದು ನೊಣ ನಮ್ಮ ಸುದೀಪ್‌ಗೆ ಎಷ್ಟು ಕಾಟ ಕೊಟ್ಟಿತು! ಅಟ್ಟಿಸಿಕೊಂಡು ಹೋಗಿ ಗೆದ್ದವರಿಲ್ಲ.

*ಮನೆಯಲ್ಲಿ ಹೃದ್ರೋಗಿ ಇದ್ದರೆ ಈ ಭಾಗ ಉಳಿಸಿಕೊಳ್ಳಿ*

ಎಷ್ಟೇ ಜಾಗ್ರತೆ ಮಾಡಿದರೂ ಹೊಟ್ಟೆ ಕೆಡುವ ದಿನ ಬರುತ್ತದೆ. ಸುಮಾರು 70ರ ಒಬ್ಬ ಹಿರಿಯರ ಉದಾಹರಣೆ ಹೇಳುತ್ತೇನೆ. ಹಾರ್ಟ್ ಫೇಲ್ಯೂರ್‌ಗೆ ನೀರಿನ ಮಾತ್ರೆ, ಬಿಪಿ ಮಾತ್ರೆ, ಶುಗರ್ ಮಾತ್ರೆ, ಎಲ್ಲವನ್ನೂ ಗಡಿಯಾರ ನೋಡಿ ತೆಗೆದುಕೊಳ್ಳುವ ಶಿಸ್ತಿನ ಮನುಷ್ಯ. ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಧ್ಯಾಹ್ನದ ಸೀಕರಣೆ ಸಂಜೆವರೆಗೆ ಮೇಜಿನ ಮೇಲೆಯೇ ಇತ್ತು, ನೊಣ ಮುತ್ತಿತ್ತು ಎಂದು ಸೊಸೆ ಆಮೇಲೆ ನೆನಪಿಸಿಕೊಂಡರು. ನೊಣದಿಂದಲೇ ಆಯಿತು ಎಂದು ಸಾಬೀತು ಮಾಡಲಾಗದು, ನಾಲ್ಕು ಜನಕ್ಕೆ ಭೇದಿಯಾದದ್ದಂತೂ ನಿಜ. ಉಳಿದ ಮೂವರು ಎರಡು ದಿನದಲ್ಲಿ ಚೇತರಿಸಿಕೊಂಡರು. ಇವರು ಎರಡು ದಿನ ಭೇದಿಯಲ್ಲೂ ಒಂದೂ ಮಾತ್ರೆ ತಪ್ಪಿಸಲಿಲ್ಲ. "ಬಿಪಿ ಇದೆ, ಉಪ್ಪು ಬೇಡ" ಎಂದು ಒ.ಆರ್.ಎಸ್. ಕುಡಿಯಲಿಲ್ಲ. ಮೂರನೇ ಬೆಳಿಗ್ಗೆ ಬಾತ್‌ರೂಮಿನಲ್ಲಿ ಬಿದ್ದರು. ಬಂದಾಗ ಮೇಲಿನ ಬಿಪಿ 80, ಕಿಡ್ನಿ ಅರ್ಧ ನಿಂತಿತ್ತು, ಪೊಟ್ಯಾಸಿಯಂ ಏರಿ ಎದೆಬಡಿತ ನಿಧಾನವಾಗಿತ್ತು. ಐದು ದಿನ ಐಸಿಯು. ಗುಣವಾದರು.

ಕಾರಣ ಸರಳ. ಮೈಯಲ್ಲಿ ನೀರು ಕಡಿಮೆಯಾದಾಗ ಕೆಲವು ಮಾತ್ರೆಗಳು ಅದೇ ಕೆಲಸ ಮುಂದುವರಿಸಿ ಬಿಪಿಯನ್ನೂ ಕಿಡ್ನಿಯನ್ನೂ ಕೆಳಗೆ ಎಳೆಯುತ್ತವೆ. ಫ್ಯೂರೋಸಮೈಡ್, ಟಾರ್ಸೆಮೈಡ್‌ನಂಥ ನೀರಿನ ಮಾತ್ರೆ, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಗುಂಪಿನ ಬಿಪಿ ಮಾತ್ರೆ, ಡಪಾಗ್ಲಿಫ್ಲೋಜಿನ್ ಗುಂಪು, ಮೆಟ್‌ಫಾರ್ಮಿನ್ ಇವು ಆ ಪಟ್ಟಿಯಲ್ಲಿವೆ. ವಾಂತಿ ಭೇದಿ ಜೋರಾಗಿರುವಾಗ ಇವನ್ನು ಒಂದೆರಡು ದಿನ ತಡೆಹಿಡಿಯಬೇಕಾಗಬಹುದು. ಯಾವುದನ್ನು, ಎಷ್ಟು ದಿನ ಎಂದು ನಿಮ್ಮ ಡಾಕ್ಟರೇ ಹೇಳಬೇಕು. ಮುಂದಿನ ಸಲ ಹೋದಾಗ "ಭೇದಿಯಾದ ದಿನ ಯಾವ ಮಾತ್ರೆ ಬೇಡ?" ಎಂದು ಕೇಳಿ, ಚೀಟಿಯ ಹಿಂದೆ ಬರೆಸಿಕೊಳ್ಳಿ. ಆಗ ರಾತ್ರಿ ಎರಡು ಗಂಟೆಗೆ ಪರದಾಡಬೇಕಿಲ್ಲ.

ಇದನ್ನು ಓದಿ ಎಲ್ಲ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಮಾತ್ರೆಗಳನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗಬಹುದು. ಮೆಟೊಪ್ರೊಲಾಲ್‌ನಂಥವನ್ನೂ ಥಟ್ಟನೆ ಬಿಡಬಾರದು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಭೇದಿಯಲ್ಲಿ ರಕ್ತ ಹೆಚ್ಚು ತೆಳುವಾಗಬಹುದು, ಐಎನ್ಆರ್ ಪರೀಕ್ಷೆ ಬೇಗ ಮಾಡಿಸಿ. ಡಿಗಾಕ್ಸಿನ್ ಮಾತ್ರೆ ಇದ್ದರೆ ಡಾಕ್ಟರಿಗೆ ಫೋನ್ ಮಾಡಲು ಒಂದು ದಿನವೂ ಕಾಯಬೇಡಿ. ಹೊಟ್ಟೆನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ, ಕಿಡ್ನಿಗೆ ಪೆಟ್ಟು. ರಕ್ತ ಅಥವಾ ಜ್ವರ ಇದ್ದರೆ ಭೇದಿ ಕಟ್ಟುವ ಮಾತ್ರೆಯೂ ಬೇಡ.

ಒ.ಆರ್.ಎಸ್. ಬಿಪಿಯವರಿಗೂ ಶುಗರ್‌ನವರಿಗೂ ನಿಷಿದ್ಧವಲ್ಲ. ಭೇದಿಯಲ್ಲಿ ಹೋದ ಉಪ್ಪನ್ನೇ ಅದು ವಾಪಸು ಕೊಡುತ್ತದೆ, ಆ ಚಿಟಿಕೆ ಸಕ್ಕರೆ ಇಲ್ಲದೆ ಕರುಳು ಉಪ್ಪನ್ನೂ ನೀರನ್ನೂ ಸರಿಯಾಗಿ ಹೀರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ ಪ್ಯಾಕೆಟ್ ಕೊಳ್ಳಿ. ಒಂದು ಲೀಟರಿನದ್ದಾದರೆ ಪೂರ್ತಿ ಪ್ಯಾಕೆಟ್ ಪೂರ್ತಿ ಲೀಟರಿಗೇ, ಅರ್ಧ ಪುಡಿ ಒಂದು ಲೋಟಕ್ಕೆ ಅಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. 24 ಗಂಟೆಯ ನಂತರ ಚೆಲ್ಲಿ. ಸಿಹಿ ಜ್ಯೂಸ್ ಡಬ್ಬಿಗಳು ಒ.ಆರ್.ಎಸ್. ಅಲ್ಲ. ದಿನಕ್ಕೆ ಒಂದೂವರೆ ಲೀಟರ್ ನೀರು ಸಾಕು ಎಂದು ಹೇಳಿಸಿಕೊಂಡ ಹಾರ್ಟ್ ಫೇಲ್ಯೂರ್ ರೋಗಿಗಳು ಎಷ್ಟು ಕುಡಿಯಬೇಕೆಂದು ಫೋನಿನಲ್ಲಿ ಕೇಳಿ, ಗುಟುಕು ಗುಟುಕಾಗಿ ಕುಡಿಯಿರಿ.

ನಿಂತಾಗ ಕಣ್ಣು ಕತ್ತಲೆ, ಆರೆಂಟು ಗಂಟೆ ಮೂತ್ರ ಇಲ್ಲ, ಮಾತು ತೊದಲುವುದು ಅಥವಾ ಗೊಂದಲ, ಎದೆಬಡಿತ ತಪ್ಪುವುದು, ಎದೆನೋವು, ಮಲದಲ್ಲಿ ರಕ್ತ, ಮೇಲಿನ ಬಿಪಿ 100ಕ್ಕಿಂತ ಕೆಳಗೆ: ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಕೂರಬೇಡಿ. ಪುಟ್ಟ ಮಕ್ಕಳಿಗೆ ಭೇದಿಯಾದರೆ ಒ.ಆರ್.ಎಸ್. ಜೊತೆ ಜಿಂಕ್ ಮಾತ್ರೆ 14 ದಿನ, 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10. ಎದೆಹಾಲು ನಿಲ್ಲಿಸಬೇಡಿ.

ಕಡೆಯದಾಗಿ ಸೊಸೈಟಿ ಮೀಟಿಂಗಿನ ವಿಷಯ. ಒಂದು ಮನೆಯವರು ಎಷ್ಟೇ ಜಾಲರಿ ಹಾಕಿದರೂ ಕೆಳಗಿನ ಕಸದ ತೊಟ್ಟಿ ಮೂರು ದಿನಕ್ಕೊಮ್ಮೆ ಖಾಲಿಯಾದರೆ ನೊಣ ಲಿಫ್ಟಿಲ್ಲದೆಯೇ ಮೇಲೆ ಬರುತ್ತದೆ. ಸೆಕ್ರೆಟರಿಗೆ ಎರಡೇ ಮಾತು ಕೇಳಿ: ಹಸಿ ಕಸ ದಿನಾ ಹೋಗುತ್ತಿದೆಯೇ? ತೊಟ್ಟಿ ಇಡುವ ನೆಲವನ್ನು ತೊಳೆದು ಒಣಗಿಸುತ್ತಿದ್ದಾರೆಯೇ? ನೊಣಕ್ಕೆ ಮರಾಠಿಯಲ್ಲಿ ಮಾಶಿ, ಹಿಂದಿಯಲ್ಲಿ ಮಕ್ಖಿ, ತಮಿಳಿನಲ್ಲಿ ಈ, ತೆಲುಗಿನಲ್ಲಿ ಈಗ. ನಿಮ್ಮ ಊರಿನ ಭಾಷೆಯಲ್ಲೇ ಕೇಳಿ, ಬೇಗ ಕೆಲಸವಾಗುತ್ತದೆ.